ರಜೆಗೆ ಯಾವ ಪುಸ್ತಕಗಳು? ಒಂದಕ್ಕೊಂದು ಒದಗಿ ಬರುವ ಓದಿನ ಗಂಟು ಕಟ್ಟುವ ಬಗೆ

ರಜೆಗೆ ಪುಸ್ತಕ ಆರಿಸುವಾಗ ಹೆಚ್ಚಿನವರು ಓದದೇ ಉಳಿದುಹೋದ ದೊಡ್ಡ ಹೆಸರುಗಳಿಗೆ ಕೈಹಾಕುತ್ತಾರೆ. ಭೈರಪ್ಪನವರ ಎರಡು ಕಾದಂಬರಿ, ಕಾರಂತರದೊಂದು, ಕುವೆಂಪು ಅವರದೊಂದು ಎಂದು ಚೀಲ ತುಂಬುತ್ತದೆ. ಪ್ರತಿಯೊಂದೂ ಒಳ್ಳೆಯ ಪುಸ್ತಕವೇ. ಆದರೆ ನಾಲ್ಕೂ ಓದುವವರಿಂದ ಒಂದೇ ಬಗೆಯ ದೀರ್ಘ ಗಮನವನ್ನು ಬೇಡುತ್ತವೆ. ಮನೆ ತುಂಬ ನೆಂಟರು, ಮಧ್ಯಾಹ್ನದ ಸೆಕೆ, ಸಂಜೆಯ ತಿರುಗಾಟಗಳ ನಡುವೆ ಮೊದಲನೆಯದೇ ನೂರನೆಯ ಪುಟದಲ್ಲಿ ನಿಂತುಬಿಡುತ್ತದೆ. ಉಳಿದ ಮೂರು ಹೋದ ಹಾಗೆಯೇ ಹಿಂದಿರುಗುತ್ತವೆ.

ರಜೆಯ ಓದಿಗೆ ಬೇಕಾದದ್ದು ಒಂದು ದಣಿಸಿದಾಗ ಇನ್ನೊಂದು ಕೈಹಿಡಿಯುವಂಥ ಕೆಲವು ಪುಸ್ತಕಗಳು. ಅವು ಗಾತ್ರದಲ್ಲಿ, ಪ್ರಕಾರದಲ್ಲಿ ಬೇರೆಯಾಗಿರಬೇಕು ಎಂಬುದು ಎಲ್ಲರಿಗೂ ಗೊತ್ತಿರುವ ಮಾತು. ಕನ್ನಡದಲ್ಲಿ ಓದುವವರು ಇನ್ನೊಂದನ್ನೂ ನೋಡಬೇಕು: ಪುಸ್ತಕಗಳು ಬೇರೆ ಬೇರೆ ಸೀಮೆಯ ಕನ್ನಡದಲ್ಲಿರಬೇಕು. ನನ್ನ ಮಟ್ಟಿಗೆ ಇದು ಪ್ರಕಾರಕ್ಕಿಂತ ದೊಡ್ಡ ವೈವಿಧ್ಯ. ಆ ಮಾತಿಗೆ ಮುಂದೆ ಬರುತ್ತೇನೆ. ಮೊದಲು ಲೆಕ್ಕ.

1. ನಿಜವಾಗಿ ಎಷ್ಟು ಹೊತ್ತು ಸಿಗುತ್ತದೆ?

ಈಗ ಓದುತ್ತಿರುವ ಯಾವುದಾದರೂ ಕಾದಂಬರಿಯನ್ನು ಹಿಡಿದು ಅರ್ಧ ಗಂಟೆ ಗಡಿಯಾರ ನೋಡದೆ ಓದಿ, ಎಷ್ಟು ಪುಟವಾಯಿತೆಂದು ಎಣಿಸಿ. ಅದನ್ನು ಇಮ್ಮಡಿ ಮಾಡಿದರೆ ಗಂಟೆಯ ವೇಗ ಸಿಗುತ್ತದೆ. ಗಂಟೆಗೆ ಮೂವತ್ತು ಪುಟ ಎಂದುಕೊಳ್ಳೋಣ. ಹತ್ತು ದಿನದ ಪ್ರವಾಸದಲ್ಲಿ ದಿನಕ್ಕೆ ಎರಡು ಗಂಟೆ ಓದುತ್ತೇನೆಂದು ಅಂದುಕೊಂಡರೆ ಇಪ್ಪತ್ತು ಗಂಟೆ, ಆರುನೂರು ಪುಟ. ಅದರಲ್ಲಿ ಮೂರನೆಯ ಒಂದು ಭಾಗವನ್ನು ಈಗಲೇ ಕಳೆದುಬಿಡಿ. ರೈಲು ತಡವಾಗುವುದು, ಮಕ್ಕಳಿಗೆ ಜ್ವರ ಬರುವುದು, ಹಳೆಯ ಗೆಳೆಯರು ಸಿಕ್ಕಿ ಮಾತು ನಡುರಾತ್ರಿಯವರೆಗೆ ನಡೆಯುವುದು ಯಾವಾಗಲೂ ಇದ್ದದ್ದೇ. ಉಳಿಯುವುದು ನಾನೂರು ಪುಟ: ಒಂದು ಮಧ್ಯಮ ಗಾತ್ರದ ಕಾದಂಬರಿ, ಒಂದು ಕಥಾಸಂಕಲನದ ಅರ್ಧ, ಕೆಲವು ಕವಿತೆ. ಹತ್ತು ದಿನಕ್ಕೆ ನಾಲ್ಕು ಪುಸ್ತಕ ಸಾಕು, ಅದರಲ್ಲಿ ಎರಡು ತೆಳ್ಳಗಿರಲಿ.

ಬಸ್ಸಿನಲ್ಲಿ ಓದುವ ಹೊತ್ತನ್ನು ಈ ಲೆಕ್ಕಕ್ಕೆ ಸೇರಿಸಬೇಡಿ. ಚಾರ್ಮಾಡಿಯ ತಿರುವುಗಳಲ್ಲಿ ಓದಲು ಹೋದರೆ ತಲೆಸುತ್ತು ಖಚಿತ. ರೈಲಿನಲ್ಲಾದರೆ ಓದು ಚೆನ್ನಾಗಿ ಸಾಗುತ್ತದೆ.

2. ದಪ್ಪ ಪುಸ್ತಕ ಒಂದೇ ಇರಲಿ, ಅದನ್ನು ಮನೆಯಲ್ಲೇ ಆರಂಭಿಸಿ

ತಿಂಗಳ ರಜೆ ಇದ್ದರೆ ಒಂದು ದೊಡ್ಡ ಕಾದಂಬರಿಯನ್ನು ಬೆನ್ನೆಲುಬಾಗಿ ಇಟ್ಟುಕೊಳ್ಳಬಹುದು. ವಾರದ ರಜೆಗೆ ಬೇಡ.

ಕುವೆಂಪು ಅವರ 'ಮಲೆಗಳಲ್ಲಿ ಮದುಮಗಳು' (1967) ಇಂಥ ರಜೆಗೆಂದೇ ಇರುವ ಕೃತಿ ಎಂದು ನಾನು ನಂಬಿದ್ದೇನೆ, ಏಕೆಂದರೆ ಅದಕ್ಕೆ ಅವಸರವೇ ಇಲ್ಲ. ಆದರೆ ಅದನ್ನು ಅರ್ಧಕ್ಕೆ ಬಿಟ್ಟವರು ಬಹಳ ಮಂದಿ ಇದ್ದಾರೆ, ಕಾರಣವೂ ಸ್ಪಷ್ಟವಿದೆ. ಹುಲಿಕಲ್ಲು, ಸಿಂಬಾವಿ, ಕೋಣೂರು, ಬೆಟ್ಟಳ್ಳಿ, ಹಳೆಮನೆ ಎಂದು ಮನೆಗಳೂ ಊರುಗಳೂ ಒಂದರ ಹಿಂದೊಂದು ಬರುತ್ತವೆ. ಗೌಡರು, ಹೆಗ್ಗಡೆಯರು, ಅವರ ಆಳುಗಳು, ಆಳುಗಳ ಸಂಸಾರಗಳು ಬರುತ್ತವೆ. ಗುತ್ತಿ ಮತ್ತು ಅವನ ನಾಯಿ ಹುಲಿಯನ ಹಿಂದೆ ನಡೆದು ಹೊರಟವರು ಐವತ್ತು ಪುಟದೊಳಗೆ ಯಾರು ಯಾವ ಮನೆಯವರೆಂದು ಮರೆತಿರುತ್ತಾರೆ. ಪರಿಹಾರ ಸರಳ. ಹೊರಡುವುದಕ್ಕೆ ಒಂದು ವಾರ ಮೊದಲೇ, ಮನೆಯಲ್ಲಿ ಕುಳಿತು ಮೊದಲ ಐವತ್ತು ಅರವತ್ತು ಪುಟ ಓದಿ. ಒಂದು ಚೀಟಿಯಲ್ಲಿ ಮನೆಯ ಹೆಸರು, ಅದರ ಕೆಳಗೆ ಜನರ ಹೆಸರು ಬರೆದು ಪುಸ್ತಕದೊಳಗೇ ಇಡಿ. ಮುಂದೆ ಮೂರು ದಿನ ಓದು ತಪ್ಪಿದರೂ ಆ ಚೀಟಿ ನಿಮ್ಮನ್ನು ಕಥೆಯೊಳಕ್ಕೆ ಮರಳಿ ಕರೆದುಕೊಳ್ಳುತ್ತದೆ.

ಭೈರಪ್ಪನವರ 'ಪರ್ವ'ಕ್ಕೆ (1979) ಚೀಟಿ ಬೇಡ, ಮಹಾಭಾರತದ ಹೆಸರುಗಳು ನಮಗೆ ಗೊತ್ತಿರುವವೇ. ಆದರೆ ಅದರ ಅಧ್ಯಾಯಗಳು ಬಹಳ ಉದ್ದ. ದಿನಕ್ಕೆ ಹತ್ತು ಪುಟ ಓದುವವರಿಗೆ ಅದು ದಕ್ಕುವುದಿಲ್ಲ. ಒಂದೇ ಕೂರಿಕೆಯಲ್ಲಿ ಎರಡು ಮೂರು ಗಂಟೆ ಸಿಗುವವರಿಗೆ ಮಾತ್ರ ಅದನ್ನು ಹೇಳುತ್ತೇನೆ.

ವಾರದ ರಜೆಯವರು ಬೇಸರಪಡಬೇಕಾಗಿಲ್ಲ. ಕನ್ನಡದ ಕೆಲವು ಗಟ್ಟಿ ಕಾದಂಬರಿಗಳು ಗಾತ್ರದಲ್ಲಿ ಚಿಕ್ಕವು: ಅನಂತಮೂರ್ತಿಯವರ 'ಸಂಸ್ಕಾರ', ಎಂ. ಕೆ. ಇಂದಿರಾ ಅವರ 'ಫಣಿಯಮ್ಮ', ಸಾರಾ ಅಬೂಬಕ್ಕರ್ ಅವರ 'ಚಂದ್ರಗಿರಿಯ ತೀರದಲ್ಲಿ', ತೇಜಸ್ವಿಯವರ 'ಕರ್ವಾಲೋ'. ಇವುಗಳಲ್ಲಿ ಯಾವುದನ್ನೂ ಎರಡು ಮೂರು ದಿನದಲ್ಲಿ ಮುಗಿಸಬಹುದು. ಮುಗಿಸಿದ ಮೇಲೆ ಬಹಳ ದಿನ ಅದು ಮನಸ್ಸಿನಲ್ಲಿ ಓಡಾಡುತ್ತಿರುತ್ತದೆ.

3. ಕನ್ನಡಗಳನ್ನು ಬೆರೆಸಿ

ಈಗ ಮೊದಲು ಹೇಳಿದ ಮಾತಿಗೆ ಬರುತ್ತೇನೆ. ಮೈಸೂರು ಸೀಮೆಯ ಒಬ್ಬ ಓದುಗಿ ಕಾದಂಬರಿ, ಪ್ರಬಂಧ, ಆತ್ಮಕಥೆ, ಪ್ರವಾಸಕಥನ ಎಂದು ನಾಲ್ಕು ಪ್ರಕಾರ ಆರಿಸಿಕೊಂಡು, ನಾಲ್ಕೂ ತನ್ನ ಸೀಮೆಯ ಲೇಖಕರದೇ ಆಗಿದ್ದರೆ, ಅವಳ ಕಿವಿಗೆ ಬೀಳುವುದು ಒಂದೇ ದನಿ. ಅದೇ ಓದುಗಿ ನಾಲ್ಕು ಕಥಾಸಂಕಲನಗಳನ್ನೇ ಒಯ್ದರೂ, ಅವು ಕುಂದಾಪುರ, ಧಾರವಾಡ, ನಂಜನಗೂಡು, ಮುಂಬಯಿಗಳಿಂದ ಬಂದಿದ್ದರೆ, ಅವಳು ನಾಲ್ಕು ಲೋಕಗಳಲ್ಲಿ ಇದ್ದು ಬರುತ್ತಾಳೆ.

ಆರಿಸುವ ಕ್ರಮ ಹೀಗಿರಲಿ. ಕಳೆದ ಒಂದು ವರ್ಷದಲ್ಲಿ ನೀವು ಓದಿದ ಕನ್ನಡ ಪುಸ್ತಕಗಳನ್ನು ನೆನಪು ಮಾಡಿಕೊಂಡು, ಪ್ರತಿಯೊಂದರ ಎದುರು ಅದು ಯಾವ ಸೀಮೆಯದೆಂದು ಬರೆಯಿರಿ. ಖಾಲಿ ಉಳಿದ ಸೀಮೆಗಳು ತಾವಾಗಿ ಎದ್ದು ಕಾಣುತ್ತವೆ. ಹೆಚ್ಚಿನವರ ಪಟ್ಟಿಯಲ್ಲಿ ಮಲೆನಾಡು ತುಂಬಿರುತ್ತದೆ, ಬಳ್ಳಾರಿ ಕಲಬುರಗಿಗಳು ಬರಿದಾಗಿರುತ್ತವೆ.

ಉತ್ತರದ ಕಡೆ ಖಾಲಿ ಇದ್ದರೆ ಶ್ರೀನಿವಾಸ ವೈದ್ಯರ 'ಹಳ್ಳ ಬಂತು ಹಳ್ಳ' ಹಿಡಿಯಿರಿ. ನವಲಗುಂದದ ಕುಟುಂಬವೊಂದರ ತಲೆಮಾರುಗಳ ಕಥೆ. 2008ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆಯಿತು. ಧಾರವಾಡದ ಕಡೆಯ ಮಾತು ಪರಿಚಯವಿಲ್ಲದವರಿಗೂ ಹತ್ತು ಪುಟದಲ್ಲಿ ಒಗ್ಗಿಬಿಡುತ್ತದೆ. ಬಳ್ಳಾರಿ ಸೀಮೆಗೆ ಕುಂ. ವೀರಭದ್ರಪ್ಪನವರ 'ಅರಮನೆ' ಇದೆ, ಆದರೆ ಅದರ ಗದ್ಯ ದಟ್ಟವಾದದ್ದು, ಬಿಡುವಾಗಿ ಓದಬೇಕು. ಕರಾವಳಿಯ ಹೆಂಗಸರ ಒಳಮನೆಯ ಮಾತು ಬೇಕಾದರೆ ವೈದೇಹಿಯವರ ಕತೆಗಳಿಗಿಂತ ಹತ್ತಿರದ ದಾರಿ ಇಲ್ಲ. ಕುಂದಾಪುರದ ಕನ್ನಡ ಅಲ್ಲಿ ಅಲಂಕಾರವಾಗಿ ಬರುವುದಿಲ್ಲ, ಆ ಹೆಂಗಸರು ಯೋಚಿಸುವ ಬಗೆಯಾಗಿಯೇ ಬರುತ್ತದೆ. ಕಾಸರಗೋಡಿನ ಮುಸ್ಲಿಂ ಮನೆಗಳಿಗೆ ಸಾರಾ ಅಬೂಬಕ್ಕರ್, ಹಾಸನದ ಮನೆಗಳಿಗೆ ಬಾನು ಮುಷ್ತಾಕ್. ಬಾನು ಅವರ ಕತೆಗಳ ಇಂಗ್ಲಿಷ್ ಅನುವಾದಕ್ಕೆ 2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂದ ಮೇಲೆ ಅನುವಾದವನ್ನೇ ಕೊಂಡುಕೊಂಡ ಕನ್ನಡಿಗರು ಇದ್ದಾರೆ. ಕನ್ನಡ ಬಲ್ಲವರು ದಯವಿಟ್ಟು ಕನ್ನಡದಲ್ಲೇ ಓದಿ.

ಕರ್ನಾಟಕದ ಹೊರಗಿನ ಕನ್ನಡವನ್ನೂ ಮರೆಯಬಾರದು. ಚಿತ್ತಾಲರ 'ಶಿಕಾರಿ' (1979) ಮತ್ತು ಜಯಂತ ಕಾಯ್ಕಿಣಿಯವರ 'ತೂಫಾನ್ ಮೇಲ್' ಎರಡೂ ಮುಂಬಯಿಯವು. ಒಂದು ದೊಡ್ಡ ಕಂಪನಿಯ ಒಳಗಿನ ಭಯವನ್ನು ಬಗೆಯುತ್ತದೆ, ಇನ್ನೊಂದು ಬೀದಿಯ, ಚಾಳಿನ ಜನರ ಬಳಿ ಕೂರುತ್ತದೆ. ಒಂದೇ ನಗರ ಎರಡು ಬಗೆಯಲ್ಲಿ ಕಾಣಬೇಕೆನ್ನುವವರು ಇವೆರಡನ್ನೂ ಒಂದೇ ರಜೆಯಲ್ಲಿ ಓದಬಹುದು.

ದೇವನೂರ ಮಹಾದೇವ ಅವರ 'ಕುಸುಮಬಾಲೆ'ಗೆ ಬೇರೆಯೇ ಸಲಹೆ ಬೇಕು. ಪುಸ್ತಕ ತೆಳ್ಳಗಿದೆ ಎಂದು ಸುಲಭವೆಂದುಕೊಳ್ಳಬೇಡಿ. ನಂಜನಗೂಡು ಸೀಮೆಯ ಆಡುಮಾತಿನಲ್ಲಿ ಬರೆದ ಅದನ್ನು ಕಣ್ಣಿನಲ್ಲಿ ಓದಿದರೆ ಸಾಲುಗಳು ಸಿಕ್ಕುಸಿಕ್ಕಾಗಿ ಕಾಣುತ್ತವೆ. ಗಟ್ಟಿಯಾಗಿ ಓದಿ, ಯಾರಾದರೂ ಪಕ್ಕದಲ್ಲಿದ್ದು ಕೇಳಿಸಿಕೊಂಡರೆ ಇನ್ನೂ ಒಳ್ಳೆಯದು. ದನಿಗೆ ಬಂದ ಕೂಡಲೇ ಅದು ಬಿಚ್ಚಿಕೊಳ್ಳುತ್ತದೆ. ಬೆಳಗಿನ ಹೊತ್ತು, ದಿನಕ್ಕೆ ಕೆಲವೇ ಪುಟ ಸಾಕು. ಯಾವ ಸೀಮೆಯ ಆಡುಮಾತು ಕಷ್ಟವೆನಿಸಿದರೂ ಇದೇ ಉಪಾಯ ನಡೆಯುತ್ತದೆ.

4. ಹೋಗುವ ಊರಿನದೊಂದು

ಹೋಗುತ್ತಿರುವ ಜಾಗಕ್ಕೆ ಸೇರಿದ ಒಂದು ಪುಸ್ತಕ ಗಂಟಿನಲ್ಲಿರಲಿ. ಮಾರ್ಗದರ್ಶಿ ಕೈಪಿಡಿ ಬೇಡ, ಆ ನೆಲದಲ್ಲಿ ನಡೆಯುವ ಕಥೆ ಇರಲಿ.

ಮಡಿಕೇರಿಗೆ ಹೋಗುವವರಿಗೆ ಮಾಸ್ತಿಯವರ 'ಚಿಕವೀರ ರಾಜೇಂದ್ರ' ಇದೆ. ಕೊಡಗಿನ ಕೊನೆಯ ಅರಸನ ಪತನದ ಕಥೆ. 1834ರಲ್ಲಿ ಬ್ರಿಟಿಷರು ಕೊಡಗನ್ನು ವಶಪಡಿಸಿಕೊಂಡರು. ಅರಮನೆಯ ಅಂಗಳದಲ್ಲಿ ನಿಂತಾಗ ಆ ಕಾದಂಬರಿ ಓದಿದವರಿಗೆ ಕಾಣುವುದೇ ಬೇರೆ. ಹಂಪಿಗೆ ವಸುಧೇಂದ್ರರ 'ತೇಜೋ ತುಂಗಭದ್ರಾ' (2019), ಲಿಸ್ಬನ್ ನಗರದ ತೇಜೋ ನದಿಯ ದಡದಿಂದ ವಿಜಯನಗರದ ತುಂಗಭದ್ರೆಯವರೆಗೆ ಹಬ್ಬಿದ ಕಥೆ. ಕುಕ್ಕೆ ಸುಬ್ರಹ್ಮಣ್ಯದ ಕಡೆಗೆ ಹೋಗುವವರು ಕಾರಂತರ 'ಬೆಟ್ಟದ ಜೀವ' ಒಯ್ಯಬೇಕು: ದಾರಿ ತಪ್ಪಿದ ಪಯಣಿಗನೊಬ್ಬ ಕಾಡಿನ ನಡುವೆ ತೋಟ ಮಾಡಿಕೊಂಡಿರುವ ವೃದ್ಧ ದಂಪತಿಯ ಮನೆ ಸೇರುತ್ತಾನೆ, ಅಷ್ಟೇ ಕಥೆ, ಆದರೆ ಪಶ್ಚಿಮ ಘಟ್ಟದ ಮಳೆ ಮತ್ತು ಮಮತೆ ಎರಡೂ ಅದರಲ್ಲಿವೆ. ಬಸವಕಲ್ಯಾಣಕ್ಕೆ ಕಾರ್ನಾಡರ 'ತಲೆದಂಡ', ದೌಲತಾಬಾದಿಗೆ ಅವರದೇ 'ತುಘಲಕ್'. ಅಂಡಮಾನಿಗೆ ಹೊರಟವರಿಗೆ ತೇಜಸ್ವಿಯವರ ಅಂಡಮಾನ್ ಅಲೆದಾಟದ ಬರಹಗಳು.

ಯಾವಾಗ ಓದಬೇಕು? ಐತಿಹಾಸಿಕ ಕಾದಂಬರಿಯನ್ನು ಹೋಗುವ ಮೊದಲೇ ಮುಗಿಸಿ, ಇಲ್ಲವಾದರೆ ಜಾಗ ನೋಡುವಾಗ ಯಾರು ಯಾರೆಂದೇ ತಿಳಿದಿರುವುದಿಲ್ಲ. ಬದುಕಿನ ಕಥೆಯನ್ನು, ಉದಾಹರಣೆಗೆ 'ಬೆಟ್ಟದ ಜೀವ'ವನ್ನು, ಅಲ್ಲೇ ಓದಿ. ನಾಟಕವನ್ನಾದರೆ ಜೊತೆಗಿರುವವರು ಪಾತ್ರ ಹಂಚಿಕೊಂಡು ಒಂದು ಸಂಜೆ ಓದಬಹುದು. ಎರಡು ಗಂಟೆಯಲ್ಲಿ ಮುಗಿಯುತ್ತದೆ, ಓದುವ ಅಭ್ಯಾಸವಿಲ್ಲದವರೂ ಅದರಲ್ಲಿ ಸೇರಿಕೊಳ್ಳುತ್ತಾರೆ.

5. ಚಿಲ್ಲರೆ ಹೊತ್ತಿಗೆ

ಊಟಕ್ಕೆ ಕರೆಯುವ ಮೊದಲಿನ ಹತ್ತು ನಿಮಿಷ, ನಿದ್ದೆ ಬರುವ ಮೊದಲಿನ ಕಾಲು ಗಂಟೆ. ಇದಕ್ಕೆ ಕಾದಂಬರಿ ಸಲ್ಲದು. ಎ. ಎನ್. ಮೂರ್ತಿರಾಯರ ಲಘು ಪ್ರಬಂಧಗಳು, ಗೊರೂರರ ಹಳ್ಳಿಯ ಚಿತ್ರಗಳು, ಒಂದು ಕವಿತಾ ಸಂಕಲನ ಸಾಕು. ಕೆ. ಎಸ್. ನರಸಿಂಹಸ್ವಾಮಿಯವರ 'ಮೈಸೂರು ಮಲ್ಲಿಗೆ'ಯ (1942) ಹಾಡುಗಳನ್ನು ಕೇಳಿದವರು ಅಸಂಖ್ಯ, ಪುಸ್ತಕವನ್ನು ಮೊದಲಿನಿಂದ ಕೊನೆಯವರೆಗೆ ಓದಿದವರು ಅಷ್ಟಿಲ್ಲ. ಹಾಡಾಗದ ಕವಿತೆಗಳು ಅಲ್ಲಿ ಕಾದು ಕುಳಿತಿವೆ. ಡಿ. ವಿ. ಜಿ. ಅವರ 'ಮಂಕುತಿಮ್ಮನ ಕಗ್ಗ'ವನ್ನು ಒಯ್ಯುವವರು 945 ಪದ್ಯಗಳನ್ನೂ ಮುಗಿಸುವ ಹಟಕ್ಕೆ ಬೀಳದೆ, ದಿನಕ್ಕೆ ಒಂದು ಎರಡು ಪದ್ಯಕ್ಕೆ ನಿಲ್ಲಬೇಕು.

6. ಕಥೆಯಲ್ಲದ್ದು ಒಂದು, ಸಾಧ್ಯವಾದರೆ ಜೋಡಿಯಾಗಿ

ಕಥೆಯಲ್ಲದ ಪುಸ್ತಕವೆಂದರೆ ಒಣ ಮಾಹಿತಿ ಎಂಬ ಭಯವಿರುವವರಿಗೆ ಬಿ. ಜಿ. ಎಲ್. ಸ್ವಾಮಿಯವರ 'ಹಸುರು ಹೊನ್ನು' ಕೊಡಿ. ಸಸ್ಯಶಾಸ್ತ್ರದ ಮೇಷ್ಟ್ರು ವಿದ್ಯಾರ್ಥಿಗಳನ್ನು ಕಾಡಿಗೆ ಕರೆದೊಯ್ದ ಪ್ರವಾಸಗಳ ಕಥನ. ಗಿಡಗಳ ಚಿತ್ರಗಳೂ ಇವೆ, ನಗುವೂ ಇದೆ, ಕಾಳಿದಾಸನೂ ನಡುನಡುವೆ ಬಂದು ಹೋಗುತ್ತಾನೆ. 1978ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ಪುಸ್ತಕ. ಘಟ್ಟದ ಕಡೆ ನಡೆಯಲು ಹೋಗುವವರು ಇದನ್ನು ಓದಿದ್ದರೆ ದಾರಿ ಬದಿಯ ಗಿಡಗಳನ್ನು ನೋಡದೆ ಮುಂದೆ ಹೋಗಲಾರರು.

ಜೋಡಿ ಓದಿನ ಸುಖವನ್ನು ಒಮ್ಮೆಯಾದರೂ ಅನುಭವಿಸಬೇಕು. ಕುವೆಂಪು ತಮ್ಮ ಬದುಕನ್ನು ತಾವೇ ಬರೆದದ್ದು 'ನೆನಪಿನ ದೋಣಿಯಲ್ಲಿ'. ಅದೇ ಮನುಷ್ಯನನ್ನು ಮಗ ತೇಜಸ್ವಿ ಕಂಡದ್ದು 'ಅಣ್ಣನ ನೆನಪು'. ಮೊದಲನೆಯದು ಬಹಳ ದೊಡ್ಡದು, ಅದರ ಬಾಲ್ಯದ ಭಾಗಗಳನ್ನಷ್ಟೇ ಓದಿ, ಆಮೇಲೆ ಮಗನ ಪುಸ್ತಕಕ್ಕೆ ಬನ್ನಿ. ತಮ್ಮ ಬಗ್ಗೆ ಗಂಭೀರವಾಗಿ ಬರೆದುಕೊಂಡವರು ಮನೆಯಲ್ಲಿ ಹೇಗಿದ್ದರೆಂದು ನೋಡುವಾಗ ಇಬ್ಬರ ಮೇಲೂ ಪ್ರೀತಿ ಹೆಚ್ಚುತ್ತದೆ. ಇನ್ನೊಂದು ಜೋಡಿ, ಹೆಚ್ಚು ಕಲಕುವಂಥದ್ದು: ಯಾವುದಾದರೂ ಮೇಲ್ಜಾತಿಯ ಬಾಲ್ಯದ ನೆನಪಿನ ಪುಸ್ತಕದ ಪಕ್ಕದಲ್ಲಿ ಸಿದ್ಧಲಿಂಗಯ್ಯನವರ 'ಊರುಕೇರಿ' ಅಥವಾ ಅರವಿಂದ ಮಾಲಗತ್ತಿಯವರ 'ಗೌರ್ಮೆಂಟ್ ಬ್ರಾಹ್ಮಣ'. ಅದೇ ನಾಡು, ಅದೇ ಶಾಲೆ, ಅದೇ ಬಾವಿ. ಎರಡನ್ನೂ ಹತ್ತಿರ ಹತ್ತಿರ ಓದಿದಾಗ ಮಾತ್ರ ಒಂದರಲ್ಲಿ ಹೇಳದೇ ಉಳಿದದ್ದು ಯಾವುದೆಂದು ಇನ್ನೊಂದು ತೋರಿಸುತ್ತದೆ.

7. ಒಂದನ್ನು ಬೇರೆಯವರು ಆರಿಸಲಿ

ನಮ್ಮ ರುಚಿ ನಮ್ಮನ್ನು ಎಷ್ಟೇ ಎಚ್ಚರದಿಂದಿದ್ದರೂ ಒಂದೇ ಕಡೆಗೆ ಎಳೆಯುತ್ತದೆ. ಅದಕ್ಕಾಗಿ ಗಂಟಿನ ಒಂದು ಪುಸ್ತಕವನ್ನು ಬೇರೆಯವರ ಕೈಗೆ ಬಿಡಿ. ನವ್ಯದವರನ್ನೇ ಓದಿದವರು ಅಮ್ಮನನ್ನೋ ಅತ್ತೆಯನ್ನೋ ಕೇಳಿದರೆ ತ್ರಿವೇಣಿ, ಎಂ. ಕೆ. ಇಂದಿರಾ ಅವರ ಹೆಸರು ಬರುತ್ತದೆ. ತ್ರಿವೇಣಿಯವರ 'ಬೆಕ್ಕಿನ ಕಣ್ಣು' ಇಂದಿಗೂ ಮನಸ್ಸನ್ನು ಹಿಡಿದು ಕೂರಿಸುತ್ತದೆ. ಹಿರಿಯರು ಮೊಮ್ಮಗಳನ್ನು ಕೇಳಲಿ, ವಿವೇಕ ಶಾನಭಾಗರ 'ಘಾಚರ್ ಘೋಚರ್' ಬಂದೀತು. ಗ್ರಂಥಾಲಯದ ಸಿಬ್ಬಂದಿಯನ್ನು ಕೇಳಿ: ಹೆಚ್ಚು ಕೈಬದಲಾದ, ಹೊದಿಕೆ ಹರಿದ ಪುಸ್ತಕ ಯಾವುದು? ವಿಮರ್ಶಕರ ಪಟ್ಟಿಗಳಲ್ಲಿ ಸಿಗದ ಉತ್ತರ ಅಲ್ಲಿ ಸಿಗುತ್ತದೆ.

ಬೇರೆ ಭಾಷೆಯಿಂದ ಬಂದದ್ದೂ ಒಂದಿರಲಿ. ಕೆನೆತ್ ಆಂಡರ್ಸನ್ನನ ಬೇಟೆಯ ಅನುಭವಗಳನ್ನು ತೇಜಸ್ವಿ ಕನ್ನಡಕ್ಕೆ ತಂದ 'ಕಾಡಿನ ಕತೆಗಳು' ಮನೆಯವರೆಲ್ಲ ಕಿತ್ತಾಡಿ ಓದುವಂಥವು. ಬಂಗಾಳಿ, ಮಲಯಾಳ, ಮರಾಠಿಯ ಒಳ್ಳೆಯ ಅನುವಾದಗಳಿಗೆ ಸಾಹಿತ್ಯ ಅಕಾಡೆಮಿ, ನ್ಯಾಷನಲ್ ಬುಕ್ ಟ್ರಸ್ಟ್, ಕುವೆಂಪು ಭಾಷಾ ಭಾರತಿ ಪ್ರಾಧಿಕಾರಗಳ ಪಟ್ಟಿಗಳನ್ನು ನೋಡಿ. ಬೆಲೆಯೂ ಕಡಿಮೆ.

8. ಮಕ್ಕಳ ಪಾಲು

ಮಕ್ಕಳ ಪುಸ್ತಕವನ್ನು ಮಕ್ಕಳೇ ಆರಿಸಲಿ. ಅಂಗಡಿಗೆ ಕರೆದುಕೊಂಡು ಹೋಗಿ, ಇಷ್ಟು ಹಣ ಎಂದು ಹೇಳಿ, ಬದಿಗೆ ಸರಿದು ನಿಲ್ಲಿ. ರಾತ್ರಿ ಓದಿ ಹೇಳುವುದಕ್ಕೆ ಅನುಪಮಾ ನಿರಂಜನರ 'ದಿನಕ್ಕೊಂದು ಕಥೆ'ಯ ಒಂದು ಸಂಪುಟ ಸಾಕು. ಹನ್ನೆರಡು ದಾಟಿದವರಿಗೆ ತೇಜಸ್ವಿಯವರ 'ಪರಿಸರದ ಕತೆ' ಕೊಡಿ, ದೊಡ್ಡವರು ಕಸಿದುಕೊಳ್ಳದಂತೆ ನೋಡಿಕೊಳ್ಳಿ.

9. ಪುಸ್ತಕ ಹುಡುಕುವುದು, ಪರೀಕ್ಷಿಸುವುದು

ರಜೆಗೆ ಎರಡು ಮೂರು ವಾರ ಮೊದಲೇ ಹುಡುಕಾಟ ಆರಂಭಿಸಬೇಕು. ಕನ್ನಡದ ಅನೇಕ ಪುಸ್ತಕಗಳು ಒಂದು ಸಲಕ್ಕೆ ಸಾವಿರ ಪ್ರತಿಯಷ್ಟೇ ಅಚ್ಚಾಗುತ್ತವೆ. ಮುಗಿದರೆ ಮರುಮುದ್ರಣಕ್ಕೆ ಕಾಯಬೇಕು. ಬೆಂಗಳೂರಿನಲ್ಲಿ ನವಕರ್ನಾಟಕ, ಸಪ್ನ, ಗಾಂಧಿಬಜಾರಿನ ಅಂಕಿತ; ಧಾರವಾಡದಲ್ಲಿ ಸುಭಾಷ ರಸ್ತೆಯ ಮನೋಹರ ಗ್ರಂಥಮಾಲೆಯ ಅಟ್ಟ; ಹಳೆಯ ಪುಸ್ತಕಕ್ಕೆ ಅವೆನ್ಯೂ ರಸ್ತೆ. ಎಲ್ಲಿಯೂ ಸಿಗದ ಪುಸ್ತಕ ಜಿಲ್ಲಾ ಕೇಂದ್ರ ಗ್ರಂಥಾಲಯದ ಮೂಲೆಯಲ್ಲಿ ಎಷ್ಟೋ ಸಲ ಸಿಗುತ್ತದೆ. ದೂರ ದೇಶಗಳಲ್ಲಿರುವವರಿಗೆ ಮೈಲ್ಯಾಂಗ್‌ನಂಥ ಆ್ಯಪ್‌ಗಳಲ್ಲಿ ಇ-ಪುಸ್ತಕ, ಧ್ವನಿಪುಸ್ತಕ ಎರಡೂ ಇವೆ. ಬಸ್ಸಿನ ಹೊತ್ತಿಗೆ ಧ್ವನಿಪುಸ್ತಕವೇ ಸರಿ.

ಕೈಗೆ ಬಂದ ಪುಸ್ತಕದ ಮೊದಲ ಪುಟ ಮತ್ತು ನಡುವಿನ ಯಾವುದಾದರೂ ಎರಡು ಪುಟ ನಿಂತಲ್ಲೇ ಓದಿ. ಮೊದಲ ಪುಟವನ್ನು ಲೇಖಕರು ತಿದ್ದಿ ತೀಡಿರುತ್ತಾರೆ, ನಡುವಿನ ಪುಟವೇ ಪುಸ್ತಕದ ನಿಜವಾದ ನಡಿಗೆ. ಅಕ್ಷರದ ಗಾತ್ರ ನೋಡಿ. ಹಳೆಯ ಮುದ್ರಣಗಳ ಸಣ್ಣ ಅಕ್ಷರ ಅಜ್ಜಿಮನೆಯ ಮಂದ ಬೆಳಕಿಗೆ ಆಗುವುದಿಲ್ಲ. ಕಾದಂಬರಿಯಾದರೆ ಮುನ್ನುಡಿಯನ್ನು ಕೊನೆಗೆ ಬಿಡಿ. ನಮ್ಮ ಮುನ್ನುಡಿಕಾರರು ಕಥೆಯ ಅಂತ್ಯವನ್ನೂ ಪಾತ್ರಗಳ ಸಾವನ್ನೂ ಮೊದಲೇ ವಿವರಿಸಿಬಿಡುತ್ತಾರೆ. ಓದಿ ಮುಗಿಸಿದ ಮೇಲೆ ಅದೇ ಮುನ್ನುಡಿ ಒಳ್ಳೆಯ ಮಾತುಕತೆಯಂತೆ ಕೇಳುತ್ತದೆ.

10. ಗಂಟು ಕಟ್ಟುವುದು

ಕೆಲವು ಮಾದರಿಗಳನ್ನು ಕೊಡುತ್ತೇನೆ, ಹೆಸರುಗಳನ್ನು ನಿಮ್ಮ ರುಚಿಗೆ ಬದಲಿಸಿಕೊಳ್ಳಿ.

ಕೊಡಗಿಗೆ ನಾಲ್ಕು ದಿನ: 'ಚಿಕವೀರ ರಾಜೇಂದ್ರ'ವನ್ನು ಮನೆಯಲ್ಲೇ ಓದಿ ಮುಗಿಸಿ ಹೊರಡಿ. ಚೀಲದಲ್ಲಿ ಕೊಡಗಿನ ಗೌರಮ್ಮನವರ ಕತೆಗಳು ಮತ್ತು ಒಂದು ಕವಿತಾ ಸಂಕಲನ, ಅಷ್ಟೇ. ಚಿಕ್ಕ ವಯಸ್ಸಿಗೇ ತೀರಿಕೊಂಡ ಗೌರಮ್ಮ ಬರೆದದ್ದು ಸ್ವಲ್ಪವೇ, ಒಂದೊಂದು ಕತೆಯೂ ಒಂದು ಕಾಫಿ ಆರುವಷ್ಟರಲ್ಲಿ ಮುಗಿಯುತ್ತದೆ, ಆಮೇಲೆ ಬಹಳ ಹೊತ್ತು ಮಾತು ಬೇಡವೆನಿಸುತ್ತದೆ.

ದೂರದ ರೈಲು ಪ್ರಯಾಣ ಸೇರಿದ ಹತ್ತು ದಿನ: ರೈಲಿಗೆ 'ಕರ್ವಾಲೋ', ಹಗಲಿಗೆ ವೈದೇಹಿ, ರಾತ್ರಿಗೆ ಮೂರ್ತಿರಾಯರು, ಹೋಗುವ ಊರಿನದೊಂದು.

ಊರಿನಲ್ಲಿ ಬೇಸಿಗೆಯ ಒಂದು ತಿಂಗಳು: ಬೆನ್ನೆಲುಬಿಗೆ 'ಮಲೆಗಳಲ್ಲಿ ಮದುಮಗಳು', ಅದರ ಕಾಡಿನಿಂದ ಹೊರಗೆ ಬರಬೇಕೆನಿಸಿದಾಗ 'ತೂಫಾನ್ ಮೇಲ್', ಗಟ್ಟಿಯಾಗಿ ಓದುವುದಕ್ಕೆ 'ಕುಸುಮಬಾಲೆ', ನಡುಮಧ್ಯಾಹ್ನಕ್ಕೆ 'ಹಸುರು ಹೊನ್ನು', ಮತ್ತೊಂದನ್ನು ಆ ಮನೆಯ ಕಪಾಟಿನಿಂದಲೇ ತೆಗೆದುಕೊಳ್ಳಿ. ಎರಡು ಭಾರವಾದ ಪುಸ್ತಕಗಳನ್ನು ಬೆನ್ನುಬೆನ್ನಿಗೆ ಓದಬೇಡಿ. ಒಂದನ್ನು ಮುಗಿಸಿದ ದಿನ ಪ್ರಬಂಧ, ಕವಿತೆಗಳನ್ನಷ್ಟೇ ಓದಿ, ಮರುದಿನ ಮುಂದಿನದನ್ನು ತೆರೆಯಿರಿ.

ಐವತ್ತು ಪುಟವಾದರೂ ಒಗ್ಗದ ಪುಸ್ತಕವನ್ನು ಅಲ್ಲಿಗೇ ಮುಚ್ಚಿ, ನಿಲ್ಲಿಸಿದ ಪುಟಕ್ಕೊಂದು ಗುರುತಿಟ್ಟು, ಜೊತೆಯವರ ಪುಸ್ತಕದೊಂದಿಗೆ ಅದಲುಬದಲು ಮಾಡಿಕೊಳ್ಳಿ. ಗ್ರಂಥಾಲಯದ ಪುಸ್ತಕವಾದರೆ ಹಿಂದಿರುಗಿಸುವ ದಿನಾಂಕವನ್ನು ಹೊರಡುವ ಮೊದಲೇ ಮೊಬೈಲಿನಲ್ಲಿ ಬರೆದಿಡಿ. ಅದನ್ನು ಕಾಯುತ್ತಿರುವ ಇನ್ನೊಬ್ಬರ ರಜೆಯೂ ಆಗಲೇ ಆರಂಭವಾಗಿರುತ್ತದೆ.